ಹಳೆಯ ಯಂತ್ರದ ಪರಕಾಯಪ್ರವೇಶ

ಮಾರಿಕಣಿವೆ ಕೋಡಿ ಬಿದ್ದ ಸಮಾಚಾರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 2022ನೆಯ ಇಸವಿ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಗೌರಿ ಗಣೇಶನ ಹಬ್ಬ ಆಗತಾನೆ ಮುಗಿದಿತ್ತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ 130 ಅಡಿ ತುಂಬಿದರೆ ನೀರು ತಾನಾಗಿಯೇ ಕೋಡಿಯ ಕಡೆಗೆ ಹೊರಳುತ್ತದೆ. 1933ರಲ್ಲಿ ಒಮ್ಮೆ ಹಾಗೆ ಹೊರಳಿತ್ತು. ಆಮೇಲೆ 89 ವರ್ಷಗಳ ಕಾಲ ಆ ಕೋಡಿಯ ಬಂಡೆಗಳು ಮಳೆಯ ನೀರನ್ನು ಕಂಡಿದ್ದವೇ ಹೊರತು ಜಲಾಶಯದ ನೀರನ್ನು ಕಂಡಿರಲಿಲ್ಲ. ಹೀಗಿರಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಕಡೆಗಳಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ನಿಂತು ನೋಡಿದರೆ ಆಶ್ಚರ್ಯವೇನು?

ಭಾನುವಾರ ನಾನೂ ಹೋಗಿದ್ದೆ. ಜನಜಂಗುಳಿಯ ನಡುವೆ ಯಾರೋ "ಸಾರ್" ಎಂದು ಕರೆದರು. ತಿರುಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು ಹಬ್ಬಕ್ಕೆ ಊರಿಗೆ ಬಂದಿದ್ದಳು. ಕುಶಲ ವಿಚಾರಿಸಿದ ಮೇಲೆ ಆಕೆ ಕೇಳಿದಳು: "ಸಾರ್, ಹಿಂದಿನ ಸಲ ಕೋಡಿ ಬಿದ್ದಾಗ ನಮ್ಮಜ್ಜಿ ನೋಡಿದ್ದಳಲ್ಲ, ಅದನ್ನ ನಾನು ಬರೆದುಕೊಂಡು ಬಂದಿದ್ದೆ. ನೀವು ಶಾಲೆಯ ಕಂಪ್ಯೂಟರಿಗೆ ಹಾಕಿಸಿದ್ರಿ. ಅದೊಂದು ಸಲ ಓದಬೇಕು ಅನ್ನಿಸ್ತಿದೆ, ಸಿಗುತ್ತಾ?"

"ಅದಕ್ಕೇನಮ್ಮ, ನಾಳೆ ಶಾಲೆಗೆ ಬಾ" ಎಂದುಬಿಟ್ಟೆ. ಅಂದ ಮೇಲೆ ನನ್ನ ಎದೆ ಧಸಕ್ಕೆಂದಿತು. ಆ ಕಂಪ್ಯೂಟರ್ ಎರಡು ವರ್ಷಗಳಿಂದ ನೆಟ್ಟಗೆ ಎದ್ದಿರಲಿಲ್ಲ.

ಮೊದಲು ಆ ಯಂತ್ರದ ಪೂರ್ವವೃತ್ತಾಂತವನ್ನು ಹೇಳಬೇಕು. 2006ರಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಕೊಠಡಿ ಬಂದಿತು. ಹತ್ತು ಯಂತ್ರಗಳು; ಅವುಗಳಿಗೆಲ್ಲ ಯಜಮಾನನಂತೆ ಒಂದು ಸರ್ವರ್. ನಾನು ಕನ್ನಡ ಪಂಡಿತ. ಹಳಗನ್ನಡದ ವ್ಯಾಕರಣ ಓದಿದವನಿಗೆ ಇದರ ಗೊಡವೆ ಏಕೆ ಎಂದು ಮೊದಮೊದಲು ದೂರವೇ ಇದ್ದೆ. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಕನ್ನಡವನ್ನು ಒತ್ತುವುದು ಅ ಆ ಇ ಈ ಕಲಿತಷ್ಟೇ ಸುಲಭವೆಂದು ತಿಳಿದ ದಿನ ನನಗೊಂದು ಯೋಚನೆ ಹೊಳೆಯಿತು. ರಜೆಯಲ್ಲಿ ಮಕ್ಕಳು ತಮ್ಮ ತಮ್ಮ ಊರಿನ ಹಿರಿಯರನ್ನು ಕೇಳಿ, ಮರೆಯಾಗುತ್ತಿರುವ ಮಾತುಗಳನ್ನು ಬರೆದು ತರಬೇಕು. ಅವನ್ನು ಸರ್ವರಿನಲ್ಲಿ ಕೂಡಿಡಬೇಕು. ಕಪಿಲೆ, ಮಿಣಿ, ಕೂರಿಗೆ, ಎಡೆಕುಂಟೆ, ನೀರುಗಂಟಿ ಮುಂತಾದ ಮಾತುಗಳು; ಯಾವ ಊರಿನಲ್ಲಿ, ಯಾರ ಬಾಯಿಂದ, ಯಾವ ಅರ್ಥದಲ್ಲಿ ಎಂಬ ವಿವರ. ಜೊತೆಗೆ ಅಜ್ಜ ಅಜ್ಜಿಯರು ಹೇಳಿದ ಊರಿನ ಕಥೆಗಳು. ಆಗಿನ ಕಂಪ್ಯೂಟರ್ ಮಾಸ್ತರರು ಇದಕ್ಕಾಗಿಯೇ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟರು. ಏಳೆಂಟು ವರ್ಷ ಈ ಕೆಲಸ ನಡೆಯಿತು. ಮಾಸ್ತರರು ವರ್ಗವಾಗಿ ಹೋದರು, ಯಂತ್ರ ಮೂಲೆ ಸೇರಿತು, ನನಗೂ ಉದಾಸೀನವಾಯಿತು. ಈ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

"ಫೈಲುಗಳ ಪ್ರತಿಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡಿದ್ದರೆ ಆಗುತ್ತಿರಲಿಲ್ಲವೆ?" ಎಂದು ನೀವು ಕೇಳಬಹುದು. ಇಳಿಸಿಕೊಂಡಿದ್ದೆ, 2008ರಲ್ಲಿ ಒಂದು ಸಲ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕಂಡದ್ದು ಕನ್ನಡವಲ್ಲ. ತಲೆಯ ಮೇಲೆ ಚುಕ್ಕೆ, ಗೆರೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಕಾರಣವೇನೆಂದರೆ, ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಟ್ಟ ಯೂನಿಕೋಡ್ 1991ರಲ್ಲಿಯೇ ಹುಟ್ಟಿದ್ದರೂ, ನಮ್ಮಂಥ ಶಾಲೆಗಳವರೆಗೆ ಅದು ನಡೆದು ಬರಲು ಬಹಳ ಕಾಲ ಹಿಡಿಯಿತು. ಫಾಂಟನ್ನೇನೋ ಹುಡುಕಿ ಹಾಕಬಹುದು. ಆದರೆ ಯಾವ ಮಾತು ಯಾವ ಊರಿನದು, ಹೇಳಿದವರು ಯಾರು ಎಂಬ ಸಂಬಂಧಗಳೆಲ್ಲ ಮಾಸ್ತರರ ಪ್ರೋಗ್ರಾಮಿನಲ್ಲಿದ್ದವು. ಅದು ಆ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಮೇಲಾಗಿ ಈ ಹುಡುಗಿ ಅಜ್ಜಿಯ ಮಾತನ್ನು ಬರೆದು ತಂದದ್ದು 2009ರಲ್ಲಿ, ನನ್ನ ಪ್ರತಿಯಾದ ಮರುವರ್ಷ. ಅಜ್ಜಿ ಈಗ ಇಲ್ಲ.

ಮರುದಿನ ಆಕೆ ಬಂದಳು. ನಾನು ಸಂಕೋಚದಿಂದ ವಿಷಯ ತಿಳಿಸಿ, ಯಂತ್ರದ ಗುಂಡಿ ಒತ್ತಲು ಹೋದೆ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂದಿತು. ಆಕೆ ತಟ್ಟನೆ ನನ್ನ ಕೈ ತಡೆದಳು. "ಬೇಡ ಸಾರ್, ಆರಿಸಿಬಿಡಿ. ಡಿಸ್ಕ್ ಸಾಯ್ತಿದೆ. ಒಂದೊಂದು ಸಲ ಎಬ್ಬಿಸಿದಾಗಲೂ ಅದರ ಆಯುಸ್ಸು ಕಡಿಮೆಯಾಗುತ್ತೆ."

ಇದು ನೀವು ನೆನಪಿಡಬೇಕಾದ ಮೊದಲ ಮಾತು. ಹಳೆಯ ಯಂತ್ರ ಏಳದಿದ್ದರೆ ಮತ್ತೆ ಮತ್ತೆ ಎಬ್ಬಿಸಬಾರದು. ಏಳುವ ಪ್ರಯತ್ನದಲ್ಲಿಯೇ ಅದು ಡಿಸ್ಕಿನ ಮೇಲೆ ನೂರಾರು ಕಡೆ ಬರೆಯುತ್ತದೆ, ಅಳಿಸುತ್ತದೆ. ಗಾಯವಿದ್ದ ಕಡೆ ಗಾಯ ಹೆಚ್ಚುತ್ತದೆ.

ಈಗ ಆಕೆ ಬೆಂಗಳೂರಿನಲ್ಲಿ ಮಾಡುವ ಉದ್ಯೋಗವೇ ಇಂಥ ಸರ್ವರುಗಳ ಪಾಲನೆ ಎಂದು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಯಂತ್ರವನ್ನು ರಿಪೇರಿ ಮಾಡಬೇಕೆಂದು ನಾನು ಕೇಳಿದೆ. ಆಕೆ ಹೇಳಿದ್ದು ಬೇರೆ: "ದೇಹ ಮುಗಿದಿದೆ ಸಾರ್. ಒಳಗಿರೋದನ್ನ ಹಾಗೇ ಎತ್ತಿ ಬೇರೆ ಯಂತ್ರದೊಳಗೆ ಇಡೋಣ."

ನನಗೆ ಕೂಡಲೆ ನೆನಪಾದದ್ದು ಪರಕಾಯಪ್ರವೇಶ. ಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ನೀವು ಕೇಳಿದ್ದೀರಿ. ಹೋಗುವ ಮುನ್ನ ಅವರು ತಮ್ಮ ದೇಹವನ್ನು ಕಾಯಲು ಶಿಷ್ಯರನ್ನು ನೇಮಿಸಿದರಂತೆ. ಆ ಭಾಗವೂ ಈ ವಿದ್ಯೆಗೆ ಹೇಗೆ ಒಪ್ಪುತ್ತದೆ ಎಂಬುದನ್ನು ಮುಂದೆ ನೋಡುವಿರಿ.

ಇಂಗ್ಲಿಷಿನಲ್ಲಿ ಇದನ್ನು ವರ್ಚುವಲ್ ಮಷಿನ್ ಎನ್ನುತ್ತಾರೆ. ಮಿಥ್ಯಾಯಂತ್ರ ಎಂದರೆ ಸರಿಯಾಗದು. ಏಕೆಂದರೆ ಅದು ಮಾಡುವ ಕೆಲಸ ನಿಜವಾದದ್ದು. ನಾವು ಒಳಯಂತ್ರ ಎನ್ನೋಣ. ಒಂದು ಕಂಪ್ಯೂಟರಿನ ಒಳಗೆ, ತಂತ್ರಾಂಶದ ಬಲದಿಂದಲೇ ಇನ್ನೊಂದು ಕಂಪ್ಯೂಟರನ್ನು ಕಲ್ಪಿಸುವುದು. ಒಳಗಿನ ವಿಂಡೋಸ್ ತನಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಡಿಸ್ಕ್ ಇದೆ ಎಂದೇ ತಿಳಿದು ಕೆಲಸ ಮಾಡುತ್ತದೆ. ಅದು ಡಿಸ್ಕ್ ಎಂದು ತಿಳಿದಿರುವುದು ಹೊರಯಂತ್ರದ ಲೆಕ್ಕದಲ್ಲಿ ಒಂದು ದೊಡ್ಡ ಫೈಲ್ ಮಾತ್ರ. ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಅಮೆರಿಕದ ಐಬಿಎಂ ಸಂಸ್ಥೆಯವರು ತಮ್ಮ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲಿಯೇ ಇದನ್ನು ಮಾಡಿ ನೋಡಿ, 1972ರಲ್ಲಿ ಮಾರಾಟಕ್ಕೂ ತಂದರು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಎಂಬ ಸಂಸ್ಥೆ ಇದನ್ನು ಸಾಮಾನ್ಯ ಕಂಪ್ಯೂಟರುಗಳಿಗೆ ಇಳಿಸಿತು. ಈಗ ದೊಡ್ಡ ಕಚೇರಿಗಳಲ್ಲಿ ಒಂದೇ ಯಂತ್ರದೊಳಗೆ ಹತ್ತಾರು ಒಳಯಂತ್ರಗಳು ಒಂದರ ಸುದ್ದಿಗೆ ಒಂದು ಹೋಗದೆ ಬಾಳುತ್ತವೆ, ಒಂದೇ ತೊಟ್ಟಿಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ.

ಇನ್ನು ಕೆಲಸದ ಕ್ರಮ. ಮೊದಲು ಡಿಸ್ಕಿನ ಪಡಿಯಚ್ಚನ್ನು ತೆಗೆಯಬೇಕು. ವಿಂಡೋಸ್ ಎದ್ದು ಕೂತಿರುವಾಗ ಪ್ರತಿ ತೆಗೆಯುವುದು, ಮೇಯುತ್ತಿರುವ ಕುರಿಮಂದೆಯನ್ನು ಎಣಿಸಿದಂತೆ. ಒಂದು ಕಡೆ ಎಣಿಸುವುದರೊಳಗೆ ಇನ್ನೊಂದು ಕಡೆಯವು ಜಾಗ ಬದಲಿಸಿರುತ್ತವೆ. ಮಂದೆ ಹಟ್ಟಿಯಲ್ಲಿ ಮಲಗಿರುವಾಗ ಎಣಿಸಬೇಕು. ಅದಕ್ಕಾಗಿ ಯಂತ್ರವನ್ನು ಅದರ ಡಿಸ್ಕಿನಿಂದ ಎಬ್ಬಿಸದೆ, ಹೊರಗಿನ ಸಿ.ಡಿ. ಅಥವಾ ಪೆನ್ ಡ್ರೈವಿನಿಂದ ಎಬ್ಬಿಸುತ್ತಾರೆ. ಆಗ ಏಳುವುದು ಆ ಸಿ.ಡಿ.ಯಲ್ಲಿರುವ ಪುಟ್ಟ ಲಿನಕ್ಸ್. ಹಳೆಯ ವಿಂಡೋಸ್ ನಿದ್ದೆಯಲ್ಲಿಯೇ ಇರುತ್ತದೆ. ತೈವಾನ್ ದೇಶದವರು ಸಿದ್ಧಪಡಿಸಿ ಲೋಕಕ್ಕೆ ಉಚಿತವಾಗಿ ಕೊಟ್ಟಿರುವ ಕ್ಲೋನ್‌ಜಿಲ್ಲಾ ಇಂಥ ಸಲಕರಣೆಗಳಲ್ಲಿ ಹೆಸರಾದದ್ದು. ಅದು ಡಿಸ್ಕಿನಲ್ಲಿ ಬರಹವಿರುವ ಭಾಗಗಳನ್ನಷ್ಟೇ ಆರಿಸಿಕೊಳ್ಳುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಆರೋಗ್ಯವಾಗಿರುವ ಸರ್ವರಿಗೆ ಅದೇ ಸಾಕು.

ನಮ್ಮದು ಗಾಯಗೊಂಡ ಡಿಸ್ಕ್. ಅದಕ್ಕೆ ಆಕೆ ಬಳಸಿದ್ದು ಡಿಡಿರೆಸ್ಕ್ಯೂ ಎಂಬ ಇನ್ನೊಂದು ಉಚಿತ ಸಲಕರಣೆ. ಅದರ ನಡೆ ನನಗೆ ಬಹಳ ಹಿಡಿಸಿತು. ಓದಲು ಬರುವ ಭಾಗಗಳನ್ನೆಲ್ಲ ಅದು ಮೊದಲು ಬೇಗ ಬೇಗ ಓದಿಕೊಳ್ಳುತ್ತದೆ. ತೊಡಕಾದ ಕಡೆ ಹಟ ಮಾಡದೆ ಮುಂದೆ ಹೋಗುತ್ತದೆ. ಕೊನೆಯಲ್ಲಿ ಹಿಂದಿರುಗಿ ಬಂದು ತೊಡಕಿನ ಜಾಗಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ. ಎಲ್ಲಿ ಓದಿದೆ, ಎಲ್ಲಿ ಓದಲಾಗಲಿಲ್ಲ ಎಂಬ ಪಟ್ಟಿಯನ್ನು ಉದ್ದಕ್ಕೂ ಬರೆದಿಡುತ್ತದೆ. ರಾತ್ರಿ ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು; ಯು.ಪಿ.ಎಸ್. ಸ್ವಲ್ಪ ಹೊತ್ತಿಗೆ ಕೈ ಬಿಟ್ಟಿತು. ನಾನು ಎಲ್ಲ ಮುಗಿಯಿತೆಂದುಕೊಂಡೆ. ಕರೆಂಟು ಬಂದ ಮೇಲೆ ಆಕೆ ಆ ಪಟ್ಟಿಯನ್ನು ತೋರಿಸಿದೊಡನೆ ಸಲಕರಣೆ ನಿಲ್ಲಿಸಿದ್ದ ಜಾಗದಿಂದಲೇ ಮುಂದುವರಿಯಿತು. ಡಿಸ್ಕ್ 80 ಜಿ.ಬಿ.ಯದು, ಚೆನ್ನಾಗಿದ್ದಿದ್ದರೆ ಒಂದೆರಡು ಗಂಟೆಯ ಕೆಲಸ. ಬೆಳಗಿನವರೆಗೆ ಹಿಡಿಯಿತು.

ಬೆಳಗ್ಗೆ ಆಕೆ ಮಾಡಿದ ಮೊದಲ ಕೆಲಸ ಆ ಪಡಿಯಚ್ಚಿಗೆ ಇನ್ನೊಂದು ಪ್ರತಿ. "ಮೊದಲನೇದನ್ನ ಮುಟ್ಟಬಾರದು ಸಾರ್. ಪ್ರಯೋಗವೆಲ್ಲ ಎರಡನೇದರ ಮೇಲೆ." ಬಳಿಕ ಆ ಪ್ರತಿಯನ್ನು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಶಾಲೆಯ ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ಒಳಯಂತ್ರವನ್ನು ಸೃಷ್ಟಿಸಿ, ಅದಕ್ಕೆ ಇದನ್ನು ಡಿಸ್ಕಾಗಿ ಕೊಟ್ಟಳು. ಗುಂಡಿ ಒತ್ತಿದಳು. ವಿಂಡೋಸಿನ ಹಳೆಯ ಗುರುತು ಮೂಡಿತು. ನಾನು ಕೈ ಜೋಡಿಸಿದೆ. ಮರುಕ್ಷಣವೇ ತೆರೆಯೆಲ್ಲ ನೀಲಿಯಾಗಿ, ಕೊನೆಯಲ್ಲಿ 7ಬಿ ಎಂದಿರುವ ಒಂದು ಸಂಖ್ಯೆಯನ್ನು ತೋರಿಸಿ ನಿಂತುಹೋಯಿತು.

ನನ್ನ ಮುಖ ನೋಡಿ ಆಕೆ ನಕ್ಕಳು. ಇದು ನಿರೀಕ್ಷಿಸಿದ್ದೇ ಅಂತೆ. ನೆಂಟರ ಮನೆಯಲ್ಲಿ ಮಲಗಿದವನು ಕತ್ತಲೆಯಲ್ಲಿ ಎದ್ದು, ತನ್ನ ಮನೆಯ ಬಾಗಿಲಿರುವ ದಿಕ್ಕಿಗೆ ನಡೆದು ಗೋಡೆಗೆ ಹಾಯುತ್ತಾನಲ್ಲವೆ? ಹಾಗೆಯೇ ಈ ವಿಂಡೋಸ್. ಡಿಸ್ಕಿಗೆ ಹೋಗುವ ಹಳೆಯ ಬಾಗಿಲು ಯಾವುದೆಂದು ಅದಕ್ಕೆ ಗೊತ್ತು. ಹೊಸ ದೇಹದ ಬಾಗಿಲು ಗೊತ್ತಿಲ್ಲ. ಆಕೆ ಒಳಯಂತ್ರಕ್ಕೆ ಐ.ಡಿ.ಇ. ಎಂಬ ಹಳೆಯ ಬಗೆಯ ಬಾಗಿಲನ್ನು ಇಟ್ಟು, ಆ ಬಾಗಿಲನ್ನು ತೆರೆಯುವ ಚಾಲಕ ತಂತ್ರಾಂಶದ ಹೆಸರನ್ನು ವಿಂಡೋಸಿನ ದಾಖಲೆಯಲ್ಲಿ ಹೊರಗಿನಿಂದಲೇ ಸೇರಿಸಿದಳು. ಈ ಸಲ ಅದು ನಿಲ್ಲದೆ ಎದ್ದಿತು. ನಮ್ಮ ಮಕ್ಕಳು 2006ರಲ್ಲಿ ಹಾಕಿದ್ದ ಮಾರಿಕಣಿವೆಯ ಚಿತ್ರ ತೆರೆಯ ಮೇಲೆ ಬಂದಿತು. ಕಂಪ್ಯೂಟರ್ ಮಾಸ್ತರರ ಪ್ರೋಗ್ರಾಂ ಬಾಯಿ ತೆರೆಯಿತು. ಅಕ್ಷರಗಳೆಲ್ಲ ಕನ್ನಡವಾಗಿಯೇ ನಿಂತಿದ್ದವು.

ನೀವು ಈ ಕೆಲಸಕ್ಕೆ ಕೈ ಹಾಕುವವರಾದರೆ ಇನ್ನೆರಡು ಎಚ್ಚರಿಕೆಗಳನ್ನು ಹೇಳಿಬಿಡುತ್ತೇನೆ. ದೇಹ ಹೊಸದಾದರೂ ಒಳಗಿರುವವನು ಹಳಬನೇ. ಅವನ ಕಾಯಿಲೆಗಳೂ ಜೊತೆಗೆ ಬಂದಿರುತ್ತವೆ. ನಮ್ಮದು ವಿಂಡೋಸ್ ಸರ್ವರ್ 2003. ಅದಕ್ಕೆ ತಯಾರಕರ ರಕ್ಷಣೆ 2015ರ ಜುಲೈ ತಿಂಗಳಿಗೆ ನಿಂತುಹೋಗಿದೆ. ಆದ್ದರಿಂದ ಆಕೆ ಒಳಯಂತ್ರಕ್ಕೆ ಇಂಟರ್ನೆಟ್ಟಿನ ಸಂಪರ್ಕವನ್ನೇ ಕೊಡಲಿಲ್ಲ. ಹಾಗೆಯೇ ಹಳೆಯ ಯಂತ್ರವನ್ನೂ ಒಳಯಂತ್ರವನ್ನೂ ಒಂದೇ ಜಾಲದಲ್ಲಿ ಒಟ್ಟಿಗೆ ನಡೆಸಬಾರದು. ಎರಡಕ್ಕೂ ಒಂದೇ ಹೆಸರು, ಒಂದೇ ವಿಳಾಸ. ಟಪಾಲಿನವನು ಯಾರಿಗೆ ಕೊಟ್ಟಾನು? ತಂತ್ರಾಂಶದ ಪರವಾನಗಿ ಹೊಸ ದೇಹಕ್ಕೂ ಸಲ್ಲುತ್ತದೆಯೇ ಎಂಬುದನ್ನು ಕೂಡ ವಿಚಾರಿಸಿಕೊಳ್ಳಬೇಕು.

ಈಗ ಅಜ್ಜಿಯ ಮಾತಿಗೆ ಬರೋಣ. ಹುಡುಗಿಯ ಹೆಸರಿನಲ್ಲಿ ಹುಡುಕಿದಾಗ ಬರಹ ಸಿಕ್ಕಿತು. ಅಜ್ಜಿ ಆಡಿದ ಹಾಗೆಯೇ ಬರೆದಿದ್ದಳು: "ಗಾಡಿ ಕಟ್ಕಂಡು ಹೋದ್ವಿ. ನಾನಿನ್ನೂ ಸಣ್ಣೋಳು. ಅಪ್ಪ ಹೆಗಲ ಮ್ಯಾಲೆ ಕೂರಿಸ್ಕಂಡಿದ್ದ." ಮೊದಲ ಪುಟ ಚೆನ್ನಾಗಿತ್ತು. ಎರಡನೆಯ ಪುಟದ ನಡುವೆ ಒಮ್ಮೆಲೆ ಬಯಲು. ಅದರ ಮುಂದೆ ಮತ್ತೆ ಮಾತು ಸರಿಯಾಗಿ ಸಾಗಿತ್ತು. ಆಕೆ ಡಿಡಿರೆಸ್ಕ್ಯೂ ಬರೆದಿಟ್ಟ ಪಟ್ಟಿಯನ್ನು ತೆರೆದು ನೋಡಿದಳು. ಆ ಜಾಗ ಡಿಸ್ಕಿನಲ್ಲಿ ಓದಲಾಗದೆ ಉಳಿದ ಒಂದು ಸೆಕ್ಟರ್. ಒಂದು ಸೆಕ್ಟರ್ ಎಂದರೆ 512 ಬೈಟ್. ಆ ಹಳೆಯ ಕನ್ನಡ ಫಾಂಟಿನ ಲೆಕ್ಕದಲ್ಲಿ ಸುಮಾರು ಐದಾರು ಸಾಲು. ಓದಲಾಗದ ಕಡೆ ಸಲಕರಣೆ ತನ್ನ ಮನಸ್ಸಿಗೆ ಬಂದದ್ದನ್ನು ಸೇರಿಸಿರಲಿಲ್ಲ. ಬಯಲಾಗಿಯೇ ಬಿಟ್ಟು, ಬಿಟ್ಟಿದ್ದೇನೆಂದು ಬರೆದಿಟ್ಟಿತ್ತು.

ನಾನು ಮೆಚ್ಚಿ ತಲೆದೂಗಿದೆ. ಹಳೆಯ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದ ನಮ್ಮ ವಿದ್ವಾಂಸರು ಇದನ್ನೇ ಅಲ್ಲವೆ ಮಾಡಿದ್ದು? ಗರಿ ಮುರಿದಿದ್ದರೆ, ಹುಳು ತಿಂದಿದ್ದರೆ, ಅಲ್ಲಿ ಚುಕ್ಕೆಗಳನ್ನಿಟ್ಟು 'ಗ್ರಂಥಪಾತ' ಎಂದು ಗುರುತಿಸಿದರು. ಛಂದಸ್ಸು ಬಲ್ಲವರಾಗಿದ್ದರೂ ಕವಿಯ ಬಾಯಲ್ಲಿ ತಮ್ಮ ಪದ್ಯವನ್ನು ಇಡಲಿಲ್ಲ. ಅಂಥವರಿಂದಾಗಿಯೇ ಉಳಿದ ಸಾಲುಗಳನ್ನು ನಾವು ನಂಬುತ್ತೇವೆ.

ಹುಡುಗಿ ಬಹಳ ಹೊತ್ತು ಆ ಬಯಲನ್ನು ನೋಡುತ್ತಿದ್ದಳು. "ಇಲ್ಲಿ ಗಾಡಿ ಎತ್ತುಗಳ ಹೆಸರಿತ್ತು ಸಾರ್. ಒಂದು ಕೆಂದ. ಇನ್ನೊಂದು ನೆನಪಿಗೇ ಬರ್ತಿಲ್ಲ" ಎಂದಳು. ಸ್ವಲ್ಪ ತಡೆದು, "ಏನಾದ್ರೂ ಒಂದು ಹಾಕಿಬಿಡಲಾ?" ಎಂದು ಕೇಳಿದಳು. ಕೇಳಿ ತಾನೇ ಬೇಡವೆಂದು ತಲೆಯಾಡಿಸಿದಳು. ಬಯಲಿನ ಜಾಗದಲ್ಲಿ ಚುಕ್ಕೆಗಳನ್ನಿಟ್ಟು, ಕೆಳಗೆ ಹೀಗೆ ಬರೆಸಿದೆ: ಇಲ್ಲಿ ಐದಾರು ಸಾಲು ನಷ್ಟವಾಗಿದೆ, ಒಂದು ಎತ್ತಿನ ಹೆಸರು ಕೆಂದ ಎಂದು ಮೊಮ್ಮಗಳ ನೆನಪು.

ಒಳಯಂತ್ರ ಸಿದ್ಧವಾದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಅದು ಹಳೆಯ ಮನೆಯನ್ನು ಬೀಳದಂತೆ ಆನಿಸಿ ನಿಲ್ಲಿಸಿದ ಹಾಗೆ. ಮನೆ ನಿಂತಿರುವಾಗಲೇ ಒಳಗಿನ ಕಾಳುಕಡ್ಡಿಯನ್ನು ಹೊರಗೆ ತರಬೇಕು. ಆ ವರ್ಷವೆಲ್ಲ ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು, ಒಳಯಂತ್ರದ ಬರಹಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಕೆಲಸದಲ್ಲಿ ತೊಡಗಿದೆ. ಪರಿವರ್ತನೆ ಮಾಡುವ ತಂತ್ರಾಂಶಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಆಗಾಗ ಎಡವುತ್ತವೆ. ಎಡಗಡೆ ಒಳಯಂತ್ರದ ಹಳೆಯ ಪಾಠ, ಬಲಗಡೆ ಹೊಸದು. ಒಬ್ಬರು ಓದುವುದು, ಒಬ್ಬರು ತಿದ್ದುವುದು. ಕಪಿಲೆಯನ್ನು ಕಣ್ಣಿನಿಂದ ಕಾಣದ ಮಕ್ಕಳು ಮಿಣಿ ಎಂದರೇನು ಸಾರ್ ಎಂದು ಕೇಳುತ್ತ ಕೇಳುತ್ತ ಆ ಮಾತುಗಳನ್ನು ಮತ್ತೊಮ್ಮೆ ಕಲಿತರು. ಹಳೆಯ ಪಾಠ ಕಣ್ಣೆದುರಿಗೆ ಇಲ್ಲದಿದ್ದರೆ ತಪ್ಪನ್ನು ತಪ್ಪೆಂದು ಗುರುತಿಸುವುದೇ ಸಾಧ್ಯವಾಗುತ್ತಿರಲಿಲ್ಲ. ಒಳಯಂತ್ರದ ದೊಡ್ಡ ಪ್ರಯೋಜನ ನನಗೆ ಕಂಡದ್ದು ಅಲ್ಲಿ.

ಇನ್ನು ಹಳೆಯ ಸರ್ವರ್ ಏನಾಯಿತು ಎನ್ನುವಿರೊ? ಗುಜರಿಗೆ ಹಾಕೋಣವೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಶಂಕರರ ಶಿಷ್ಯರು ದೇಹ ಕಾದಂತೆ, ಹೊಸದರಲ್ಲಿ ಎಲ್ಲವೂ ಸರಿಯಾಗಿದೆಯೆಂದು ಒಂದೊಂದಾಗಿ ತೆರೆದು ನೋಡಿ ಮುಗಿಯುವವರೆಗೆ ಹಳೆಯದನ್ನು ಇಟ್ಟುಕೊಂಡಿರಬೇಕು. ಬೀರುವಿನಲ್ಲಿ ಬಟ್ಟೆ ಹೊದಿಸಿ, ದಿನಾಂಕ ಬರೆದ ಚೀಟಿ ಅಂಟಿಸಿ ಇಟ್ಟೆವು. ಪಡಿಯಚ್ಚಿನ ಪ್ರತಿಗಳು ಈಗ ಮೂರು ಕಡೆ ಇವೆ: ಶಾಲೆಯಲ್ಲಿ ಒಂದು, ನನ್ನ ಮನೆಯಲ್ಲಿ ಒಂದು, ಬೆಂಗಳೂರಿನಲ್ಲಿ ಆ ಹುಡುಗಿಯ ಬಳಿ ಒಂದು. ವರ್ಷಕ್ಕೊಮ್ಮೆ ತೆರೆದು ನೋಡುತ್ತೇವೆ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆಯೇ. 2008ರ ನನ್ನ ಪೆನ್ ಡ್ರೈವ್ ಕಲಿಸಿದ ಪಾಠವಿದು.

ಇಂಥ ಯಂತ್ರಗಳು ನಮ್ಮ ಶಾಲೆಯಲ್ಲಿ ಮಾತ್ರ ಇವೆಯೆಂದು ಹೇಳಲಾಗದು. ಹಾಲಿನ ಸಂಘ, ಸಹಕಾರ ಸಂಘ, ಗ್ರಂಥಾಲಯ, ಊರಿನ ಚಿಕ್ಕ ಮುದ್ರಣಾಲಯ, ಎಲ್ಲೆಲ್ಲಿ 20 ವರ್ಷಗಳ ಹಿಂದೆ ಕಂಪ್ಯೂಟರ್ ಬಂದಿತ್ತೋ ಅಲ್ಲೆಲ್ಲ ಮೂಲೆಯಲ್ಲಿ ಒಂದು ಕುಳಿತಿರಬಹುದು. ಅದರಲ್ಲಿ ಸದಸ್ಯರ ಲೆಕ್ಕವಿದ್ದೀತು, ಅಚ್ಚಾಗದೆ ಉಳಿದ ಪುಸ್ತಕವಿದ್ದೀತು, ಯಾರದೋ ಅಜ್ಜಿಯ ಮಾತಿದ್ದೀತು. ಅದು ಟಕ್ ಟಕ್ ಎನ್ನುವ ಮೊದಲೇ, ಇನ್ನೂ ಗಟ್ಟಿಯಾಗಿರುವಾಗಲೇ, ಬಲ್ಲವರನ್ನು ಕರೆಸಿ ಪಡಿಯಚ್ಚು ತೆಗೆಸಿಡಿ. ಒಂದು ಹೊರಗಿನ ಡಿಸ್ಕಿನ ಬೆಲೆ, ಒಂದು ರಾತ್ರಿಯ ನಿದ್ದೆ, ಖರ್ಚು ಅಷ್ಟೆ. ನಾನು ತಡಮಾಡಿದ್ದಕ್ಕೆ ತೆತ್ತದ್ದು ಒಂದು ಎತ್ತಿನ ಹೆಸರು. ಅಷ್ಟರಲ್ಲಿಯೇ ಪಾರಾದದ್ದು ನನ್ನ ಅದೃಷ್ಟ.

ಮಾರಿಕಣಿವೆಗೆ 2019ರಿಂದ ಭದ್ರೆಯ ನೀರೂ ಬರುತ್ತಿದೆ. ಕಟ್ಟೆ ಹಳೆಯದು, ನೀರು ಹೊಸದು. ನಮ್ಮ ಒಳಯಂತ್ರದಲ್ಲಿ ಕಟ್ಟೆ ಹೊಸದು, ನೀರು ಹಳೆಯದು. ಎರಡು ಕಡೆಯೂ ನೋಡಿಕೊಳ್ಳಬೇಕಾದದ್ದು ಒಂದೇ, ನಡುದಾರಿಯಲ್ಲಿ ಸೋರಿಹೋಗದಂತೆ. ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ಎತ್ತಿನ ಹೆಸರು ಇನ್ನೂ ನೆನಪಾಗಿಲ್ಲವಂತೆ. ಚುಕ್ಕೆಗಳು ಇದ್ದ ಹಾಗೆಯೇ ಇವೆ.